ಬೇಲಿಯ ಹೊರಗಿನ ಊರುಗಳು: ಕ್ಲಾರ್ಕ್ ವಾಯುನೆಲೆ ಹೋದ ಮೇಲೆ

ವಿದೇಶಿ ಸೇನಾನೆಲೆಗಳ ಮೇಲೆ ಬಂದಿರುವ ಪುಸ್ತಕಗಳಲ್ಲಿ ವಿಮಾನಗಳ ಲೆಕ್ಕ ಸಿಗುತ್ತದೆ, ಒಪ್ಪಂದಗಳ ವಿವರ ಸಿಗುತ್ತದೆ, ಬಂದುಹೋದ ಸೇನಾಧಿಕಾರಿಗಳ ಹೆಸರೂ ಸಿಗುತ್ತದೆ. ನೆಲೆಯ ಬೇಲಿಗೆ ಬೆನ್ನು ಹಚ್ಚಿಕೊಂಡು ಬದುಕಿದ ಊರುಗಳ ವಿಷಯ ಬರುವುದು ಒಂದೆರಡು ಸಾಲಿನಲ್ಲಿ. ಅದೂ ಹೆಚ್ಚಾಗಿ ಬಾರುಗಳ ಬಗ್ಗೆ. ನೆಲೆ ಇದ್ದಾಗ ಆ ಊರುಗಳಿಗೆ ಏನು ಸಿಕ್ಕಿತು, ನೆಲೆ ಹೋದಾಗ ಏನು ಉಳಿಯಿತು, ಉಳಿದದ್ದು ಯಾರ ಪಾಲಿಗೆ ಬಂತು ಎಂದು ಕೇಳಲು ಫಿಲಿಪ್ಪೀನ್ಸಿನ ಕ್ಲಾರ್ಕ್‌ಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಅಮೆರಿಕ ತನ್ನ ನೆಲದಾಚೆ ಇಟ್ಟುಕೊಂಡಿದ್ದ ಅತಿ ದೊಡ್ಡ ವಾಯುನೆಲೆಗಳಲ್ಲಿ ಅದೂ ಒಂದು. ಅದು ಮುಚ್ಚಿ ಮೂರು ದಶಕ ಕಳೆದಿದೆ. ಲಾಭ ನಷ್ಟದ ಲೆಕ್ಕ ತೆಗೆಯಲು ಇಷ್ಟು ಕಾಲ ಸಾಕು.

ಮನಿಲಾದಿಂದ ವಾಯುವ್ಯಕ್ಕೆ ಸುಮಾರು 80 ಕಿ.ಮೀ. ಹೋದರೆ ಪಂಪಾಂಗಾ ಪ್ರಾಂತ್ಯದ ಆಂಹೆಲೆಸ್ ನಗರ. ಅದಕ್ಕೆ ತಾಗಿ ಉತ್ತರಕ್ಕೆ ಮಬಲಕಾಟ್, ನೈರುತ್ಯಕ್ಕೆ ಪೊರಾಕ್, ಇನ್ನೂ ಉತ್ತರಕ್ಕೆ ತಾರ್ಲಾಕ್ ಪ್ರಾಂತ್ಯದ ಬಂಬಾನ್ ಮತ್ತು ಕಪಾಸ್. ಪಶ್ಚಿಮದಲ್ಲಿ ಪಿನಾಟುಬೊ ಬೆಟ್ಟಸಾಲು. ಬಯಲಿನವರು ಕಪಂಪಾಂಗನ್ ಭಾಷೆಯ ಭತ್ತ ಮತ್ತು ಕಬ್ಬಿನ ರೈತರು. ಬೆಟ್ಟದಲ್ಲಿ ಇರುವವರು ಐತಾ ಜನ, ಆ ನಾಡಿನ ಅತ್ಯಂತ ಹಳೆಯ ನಿವಾಸಿಗಳು.

ಸ್ಪೇನ್ ಕೈಬಿಟ್ಟ ಈ ದೇಶವನ್ನು ಅಮೆರಿಕ ಯುದ್ಧ ಮಾಡಿ ವಶಕ್ಕೆ ತೆಗೆದುಕೊಂಡ ಮೇಲೆ ಅದರ ಅಶ್ವದಳ ಇಲ್ಲಿ ಬೀಡುಬಿಟ್ಟಿತು. ಸಪಾಂಗ್ ಬಾಟೊ ಎಂಬ ಹಳ್ಳಿಯ ಸುತ್ತ ಕುದುರೆಗಳಿಗೆ ಒಳ್ಳೆಯ ಹುಲ್ಲು ಸಿಕ್ಕಿದ್ದೇ ಜಾಗ ಆರಿಸಲು ಕಾರಣ ಎಂದು ಅಲ್ಲಿಯವರು ಹೇಳುತ್ತಾರೆ. 1903ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆದೇಶ ಹೊರಡಿಸಿ ಸುಮಾರು 7,700 ಎಕರೆಯನ್ನು ಸೇನೆಗೆ ಮೀಸಲಿಟ್ಟ. 1908ರ ಹೊತ್ತಿಗೆ ಆ ಮೀಸಲು ಒಂದೂವರೆ ಲಕ್ಷ ಎಕರೆಯನ್ನು ದಾಟಿತ್ತು. ಹೀಗೆ ಸೇರಿಸಿಕೊಂಡ ನೆಲದಲ್ಲಿ ಬಹುಪಾಲು ಐತಾ ಜನ ಬೇಟೆಯಾಡುತ್ತಿದ್ದ, ಕುಮರಿ ಬೇಸಾಯ ಮಾಡುತ್ತಿದ್ದ ಕಾಡು. ಅವರ ಹತ್ತಿರ ಹಕ್ಕುಪತ್ರ ಇರಲಿಲ್ಲ, ಕಾಗದದ ಲೆಕ್ಕದಲ್ಲಿ ಅದು ಯಾರದ್ದೂ ಅಲ್ಲದ ಸರಕಾರಿ ಭೂಮಿ. ಮುಂದೆ ನಡೆದದ್ದೆಲ್ಲ ಈ ಒಂದು ದಾಖಲೆಯ ಮೇಲೆ ನಿಂತಿದೆ. ಅದಕ್ಕೇ ಇದನ್ನು ಮೊದಲೇ ಹೇಳಿದ್ದು.

ಅಶ್ವದಳದ ಈ ಠಾಣೆಗೆ ಸ್ಟಾಟ್ಸೆನ್‌ಬರ್ಗ್ ಕೋಟೆ ಎಂದು ಹೆಸರು. ಪಕ್ಕದ ವಿಮಾನ ಮೈದಾನಕ್ಕೆ 1919ರಲ್ಲಿ ಪನಾಮಾದಲ್ಲಿ ಅಪಘಾತಕ್ಕೀಡಾದ ವೈಮಾನಿಕ ಹೆರಾಲ್ಡ್ ಕ್ಲಾರ್ಕ್‌ನ ಹೆಸರು ಬಂತು. ಎರಡನೇ ಮಹಾಯುದ್ಧದ ಕಥೆ ಹಲವರಿಗೆ ಗೊತ್ತಿದೆ. ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ಗಂಟೆಗಳಲ್ಲಿ ಜಪಾನಿ ವಿಮಾನಗಳು ಕ್ಲಾರ್ಕನ್ನೂ ಹೊಡೆದು ನಿಂತಲ್ಲೇ ವಿಮಾನಗಳನ್ನು ಸುಟ್ಟವು. ಜಪಾನೀಯರು ಸೆರೆಹಿಡಿದು ನಡೆಸಿಕೊಂಡು ಹೋದ ಬಟಾನ್ ಸಾವಿನ ನಡಿಗೆಯ ಕೈದಿಗಳು ಕೊನೆಗೆ ತಲುಪಿದ್ದು ಕಪಾಸ್‌ನ ಓಡಾನೆಲ್ ಶಿಬಿರಕ್ಕೆ. 1944ರ ಅಕ್ಟೋಬರ್‌ನಲ್ಲಿ ಜಪಾನಿನ ಮೊದಲ ಕಾಮಿಕಾಝೆ ಆತ್ಮಾಹುತಿ ವೈಮಾನಿಕರ ತಂಡ ಕಟ್ಟಿದ್ದು ಮಬಲಕಾಟ್‌ನಲ್ಲಿ. ಇಷ್ಟು ಸಣ್ಣ ಬಯಲಿನಲ್ಲಿ ಇಷ್ಟೆಲ್ಲ ನಡೆಯಿತು. ಇದರಲ್ಲಿ ಯಾವುದನ್ನೂ ಅಲ್ಲಿಯ ರೈತ ಕೇಳಿ ಪಡೆದದ್ದಲ್ಲ.

ಫಿಲಿಪ್ಪೀನ್ಸ್ ಸ್ವತಂತ್ರವಾದದ್ದು 1946ರಲ್ಲಿ. ಮರುವರ್ಷ ಮಾರ್ಚ್‌ನಲ್ಲೇ 99 ವರ್ಷಗಳ ನೆಲೆ ಒಪ್ಪಂದಕ್ಕೆ ಸಹಿ ಬಿತ್ತು. 1966ರಲ್ಲಿ ಅವಧಿಯನ್ನು ಕಡಿತ ಮಾಡಿ 1991ಕ್ಕೆ ಇಳಿಸಿದರು. 1979ರ ತಿದ್ದುಪಡಿಯಲ್ಲಿ ನೆಲೆಯ ಮೇಲೆ ಫಿಲಿಪ್ಪೀನ್ಸಿನ ಬಾವುಟ, ಹೆಸರಿಗೆ ಫಿಲಿಪ್ಪೀನಿ ಕಮಾಂಡರ್ ಬಂದರು. ವಿಯೆಟ್ನಾಂ ಯುದ್ಧಕಾಲದಲ್ಲಿ ಕ್ಲಾರ್ಕ್ ಹಗಲಿರುಳು ದುಡಿಯಿತು. 1973ರಲ್ಲಿ ಹನೋಯಿಯ ಸೆರೆಯಿಂದ ಬಿಡುಗಡೆಯಾದ ಅಮೆರಿಕನ್ ಯುದ್ಧಕೈದಿಗಳು ಮೊದಲು ಇಳಿದದ್ದು ಇಲ್ಲಿ. 1986ರಲ್ಲಿ ಅಧಿಕಾರ ಕಳೆದುಕೊಂಡ ಅಧ್ಯಕ್ಷ ಮಾರ್ಕೋಸ್ ದೇಶ ಬಿಟ್ಟದ್ದೂ ಇಲ್ಲಿಂದಲೇ.

ಈ ದಶಕಗಳಲ್ಲಿ ಬೇಲಿಯ ಹೊರಗೆ ಒಂದು ಬೇರೆಯೇ ಆರ್ಥಿಕತೆ ಬೆಳೆಯಿತು. ಫಿಲಿಪ್ಪೀನ್ಸಿನಲ್ಲಿ ಸರಕಾರವನ್ನು ಬಿಟ್ಟರೆ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟದ್ದು ಅಮೆರಿಕದ ನೆಲೆಗಳು. ಆಂಹೆಲೆಸ್‌ನ ಬಾಲಿಬಾಗೊ, ಮಬಲಕಾಟ್‌ನ ಡಾವ್, ಮುಖ್ಯದ್ವಾರದ ಎದುರಿನ ಫೀಲ್ಡ್ಸ್ ಅವೆನ್ಯೂ ಇವೆಲ್ಲ ನೆಲೆಯ ಸಂಬಳದ ದಿನಕ್ಕೆ ತಕ್ಕಂತೆ ಉಸಿರಾಡಿದವು. ಯಾಂತ್ರಿಕರು, ಗುಮಾಸ್ತರು, ಅಡುಗೆಯವರು, ತೋಟದವರು, ಬಟ್ಟೆ ಒಗೆಯುವವರು ಒಳಗೆ ದುಡಿದರು. ಹೊರಗೆ ದರ್ಜಿಗಳು, ಬೆತ್ತದ ಪೀಠೋಪಕರಣ ಮಾಡುವವರು, ಜೀಪ್ನಿ ಓಡಿಸುವವರು. ಸೈನಿಕರ ಪಿಎಕ್ಸ್ ಅಂಗಡಿಯಿಂದ ಹೇಗೋ ಹೊರಬಂದ ಡಬ್ಬಿ ಮಾಂಸ, ಸಾಬೂನು, ಚಾಕೊಲೇಟ್, ಸಿಗರೇಟು ಡಾವ್ ಮಾರುಕಟ್ಟೆಯಲ್ಲಿ ರಾಶಿ ಬೀಳುತ್ತಿದ್ದವು. ಮನಿಲಾದಿಂದ ಜನ ಬಸ್ ಹತ್ತಿ ಬಂದು ‘ಸ್ಟೇಟ್‌ಸೈಡ್’ ಎಂಬ ಅಮೆರಿಕದ ಮಾಲು ಒಯ್ಯುತ್ತಿದ್ದರು.

ಆ ಕಾಲದ ಒಂದು ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ. ನೆಲೆಯ ಅಡುಗೆಮನೆಗಳಲ್ಲಿ ಹಂದಿಯ ತಲೆಗೆ ಉಪಯೋಗವಿರಲಿಲ್ಲ, ಅಮೆರಿಕನ್ನರು ಅದನ್ನು ತಿನ್ನುತ್ತಿರಲಿಲ್ಲ. ಹೊರಗಿನವರು ಆ ತಲೆಗಳನ್ನು ಅಗ್ಗಕ್ಕೆ ತಂದರು. 1970ರ ದಶಕದ ಮಧ್ಯದಲ್ಲಿ ಆಂಹೆಲೆಸ್‌ನ ರೈಲ್ವೆ ಕ್ರಾಸಿಂಗ್ ಪಕ್ಕ ಪುಟ್ಟ ಅಂಗಡಿ ಇಟ್ಟಿದ್ದ ಲೂಸಿಯಾ ಕುನಾನನ್ ಹಂದಿಯ ಕಿವಿ, ಕೆನ್ನೆಗಳನ್ನು ಬೇಯಿಸಿ, ಕೆಂಡದ ಮೇಲೆ ಸುಟ್ಟು, ಸಣ್ಣಗೆ ಕೊಚ್ಚಿ, ಈರುಳ್ಳಿ, ಮೆಣಸಿನಕಾಯಿ, ಕೋಳಿಯ ಈಲಿ ಸೇರಿಸಿ, ಕಲಮಾನ್ಸಿ ಹುಳಿ ಹಿಂಡಿ ಬಡಿಸಿದಳು. ಇಂದು ಲೋಕವೆಲ್ಲ ಫಿಲಿಪ್ಪೀನೊ ಅಡುಗೆ ಎಂದು ತಿನ್ನುವ ಸಿಸಿಗ್ ಅದೇ. ಹಳೆಯ ಕಪಂಪಾಂಗನ್ ಸಿಸಿಗ್ ಹುಳಿ ಹಾಕಿದ ಒಂದು ಬಗೆಯ ಕೋಸಂಬರಿ. ಅದು ಕಾವಲಿಯ ಮೇಲೆ ಚುಯ್‌ಗುಟ್ಟುವ ಮಾಂಸವಾಗಲು ವಾಯುನೆಲೆ ಬಿಸಾಡಿದ ತಲೆ ಕಾರಣ. 2017ರಲ್ಲಿ ಆಂಹೆಲೆಸ್ ನಗರಸಭೆ ಅದನ್ನು ತನ್ನ ಪರಂಪರೆಯೆಂದು ಘೋಷಿಸಿ ಕಾನೂನು ಮಾಡಿತು. ಊರು ನೆಲೆಯಿಂದ ಪಡೆದದ್ದರಲ್ಲಿ ತನ್ನ ಕೈಯಿಂದಲೇ ರೂಪಿಸಿಕೊಂಡ ಒಂದು ವಸ್ತು ಇದು. ಅದರ ಹೆಮ್ಮೆ ನ್ಯಾಯವಾದದ್ದು.

ಆದರೆ ಪಡೆದದ್ದೆಲ್ಲ ಹೀಗಿರಲಿಲ್ಲ. ಗುಂಡು ಹೊಡೆಯುವ ಅಭ್ಯಾಸದ ಬಯಲಿನಲ್ಲಿ ಹಿತ್ತಾಳೆ ತೋಟೆ, ಬಾಂಬಿನ ಚೂರು ಹೆಕ್ಕಿ ಗುಜರಿಗೆ ಮಾರುವುದು ಅಕ್ಕಪಕ್ಕದ ಹಳ್ಳಿಯ ಬಡವರ, ಐತಾ ಜನರ ಕಸುಬಾಯಿತು. 1964ರಲ್ಲಿ ಹಾಗೆ ಹೆಕ್ಕುತ್ತಿದ್ದ ಹುಡುಗನೊಬ್ಬ ಅಮೆರಿಕನ್ ಸೈನಿಕನ ಗುಂಡಿಗೆ ಸತ್ತಾಗ ಮನಿಲಾದ ಬೀದಿಗಳಲ್ಲಿ ಪ್ರತಿಭಟನೆ ಎದ್ದಿತು. ಇಂಥ ಸಾವುಗಳ ಸಂಕಟವನ್ನೇ ವಸ್ತುವಾಗಿಸಿಕೊಂಡು 1976ರಲ್ಲಿ ‘ಮಿನ್ಸಾಯ್ ಇಸಾಂಗ್ ಗಮುಗಮೊ’ ಎಂಬ ಚಿತ್ರ ಬಂತು. ಅಮೆರಿಕಕ್ಕೆ ಹೋಗಲು ಕಾತರಿಸುವ ನರ್ಸ್ ಒಬ್ಬಳ ತಮ್ಮ ನೆಲೆಯ ಬಳಿ ಗುಂಡಿಗೆ ಬಲಿಯಾಗುವ ಕಥೆ ಅದು. ಮಾರ್ಕೋಸ್ ಹೇರಿದ್ದ ಸೇನಾ ಕಾನೂನಿನ ನಡುವೆ ಅಂಥ ಚಿತ್ರ ತೆರೆಗೆ ಬಂದದ್ದೇ ದೊಡ್ಡದು.

ಬಾರುಗಳ ಬೀದಿಯ ಬಗ್ಗೆ ವಿವರವಾಗಿ ಬರೆಯುವವರು ಬಹಳ ಜನ ಇದ್ದಾರೆ, ನಾನು ಒಂದು ಮಾತನ್ನಷ್ಟೇ ಹೇಳುತ್ತೇನೆ. ಅಲ್ಲಿ ದುಡಿದ ಹೆಣ್ಣುಮಕ್ಕಳಲ್ಲಿ ಅನೇಕರು ಆ ಊರಿನವರಲ್ಲ. ಸಮರ್, ಲೇತೆ ಮೊದಲಾದ ಬಡ ದ್ವೀಪಗಳಿಂದ ಬಂದವರು. ಅವರಿಗೆ ಹುಟ್ಟಿದ ಅಮೆರಿಕನ್ ಸೈನಿಕರ ಮಕ್ಕಳು ದೇಶದಲ್ಲಿ 50,000ಕ್ಕೂ ಹೆಚ್ಚು ಎಂಬುದು ಸಾಮಾನ್ಯವಾಗಿ ಉದ್ಧರಿಸುವ ಅಂದಾಜು. 1982ರಲ್ಲಿ ಅಮೆರಿಕ ಇಂಥ ಮಕ್ಕಳಿಗೆ ವಲಸೆಯ ದಾರಿ ತೆರೆಯುವ ಕಾನೂನು ಮಾಡಿತು. ಅದರಲ್ಲಿ ಕೊರಿಯಾ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್ ಇದ್ದವು, ಫಿಲಿಪ್ಪೀನ್ಸ್ ಇರಲಿಲ್ಲ.  1993ರಲ್ಲಿ ಸುಬಿಕ್ ನೌಕಾನೆಲೆಯ ಪಕ್ಕದ ಒಲೊಂಗಾಪೊದ ಮಕ್ಕಳ ಪರವಾಗಿ ಅಮೆರಿಕದ ನ್ಯಾಯಾಲಯಕ್ಕೆ ಹೋದ ದಾವೆ ವಜಾ ಆಯಿತು. ಆ ಮಕ್ಕಳು ಈಗ ನಡುವಯಸ್ಸಿನವರು.

1991 ಬಂತು. ನೆಲೆಯ ಅವಧಿ ಮುಗಿಯುವ ವರ್ಷ. ಸುಮಾರು 500 ವರ್ಷ ಸುಮ್ಮನಿದ್ದ ಪಿನಾಟುಬೊ ಏಪ್ರಿಲ್ 2ರಂದು ಹಬೆ ಉಗುಳಿತು. ಫಿಲಿಪ್ಪೀನ್ಸಿನ ಜ್ವಾಲಾಮುಖಿ ಸಂಸ್ಥೆಯವರೂ ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯವರೂ ಕ್ಲಾರ್ಕ್‌ನಲ್ಲೇ ಉಪಕರಣ ಹೂಡಿ ಕೂತರು. ಅವರು ಕೊಟ್ಟ ಎಚ್ಚರಿಕೆಯಿಂದ ಕನಿಷ್ಠ 5,000 ಜೀವ ಉಳಿದವು ಎಂದು ಅಂದಾಜಿದೆ. ಆ ವಿಜ್ಞಾನಿಗಳು ಅಷ್ಟು ಬೇಗ ಬರಲು, ಅಷ್ಟು ಸೌಕರ್ಯ ಸಿಗಲು ನೆಲೆ ಅಲ್ಲಿದ್ದದ್ದೂ ಕಾರಣ. ಇದನ್ನು ನೆಲೆಯ ಜಮಾ ಕಡೆಗೆ ಬರೆಯಲೇಬೇಕು. ಜೂನ್ 10ರಂದು ಸುಮಾರು 14,500 ಅಮೆರಿಕನ್ನರು ವಾಹನಗಳ ಸಾಲಿನಲ್ಲಿ ಸುಬಿಕ್‌ಗೆ ಹೊರಟರು. 15ರಂದು ಬೆಟ್ಟ ಸಿಡಿಯಿತು. ಅದೇ ದಿನ ಚಂಡಮಾರುತವೂ ಹಾದುಹೋಯಿತು. ಮಳೆಯಲ್ಲಿ ನೆನೆದ ಬೂದಿ ಸಿಮೆಂಟಿನಂತೆ ಭಾರವಾಗಿ ಮನೆಗಳ ಮಾಡುಗಳು ಕುಸಿದವು. ಆಂಹೆಲೆಸ್‌ನ ನಡುವೆ ಹರಿಯುವ ಅಬಕಾನ್ ನದಿಯ ಸೇತುವೆ ಬಿದ್ದುಹೋಯಿತು. ಸತ್ತವರು 800ಕ್ಕೂ ಹೆಚ್ಚು. ಬೆಟ್ಟದಿಂದ ಇಳಿಸಿದ ಐತಾ ಜನರ ನಿರಾಶ್ರಿತ ಶಿಬಿರಗಳಲ್ಲಿ ದಡಾರ ಹಬ್ಬಿ ಮಕ್ಕಳು ಸಾಲುಸಾಲಾಗಿ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಪ್ರತಿ ಮಳೆಗಾಲವೂ ಲಹಾರ್ ಎಂಬ ಬೂದಿಕೆಸರಿನ ಪ್ರವಾಹ ತಂದಿತು. 1995ರ ಅಕ್ಟೋಬರ್ 1ರಂದು ಬಕೊಲೊರ್ ಪಟ್ಟಣ ಮುಚ್ಚಿಹೋಯಿತು. ಅಲ್ಲಿಯ ಸಾನ್ ಗಿಯೆರ್ಮೊ ಚರ್ಚಿನ ಅರ್ಧ ಇಂದಿಗೂ ನೆಲದೊಳಗಿದೆ, ಜನ ಹಿಂದಿನ ಕಿಟಕಿಯ ಎತ್ತರದಲ್ಲಿ ಒಳಗೆ ಕಾಲಿಡುತ್ತಾರೆ.

ಬೂದಿ ತುಂಬಿದ ಕ್ಲಾರ್ಕ್ ಬೇಡವೆಂದು ಅಮೆರಿಕ ಜುಲೈನಲ್ಲೇ ತೀರ್ಮಾನಿಸಿತ್ತು. ಸುಬಿಕನ್ನು ಉಳಿಸಿಕೊಳ್ಳುವ ಹೊಸ ಒಪ್ಪಂದವನ್ನು ಸೆಪ್ಟೆಂಬರ್ 16ರಂದು ಜೊವಿತೊ ಸಲೊಂಗಾ ಅಧ್ಯಕ್ಷತೆಯ ಸೆನೆಟ್ 12-11ರಲ್ಲಿ ತಿರಸ್ಕರಿಸಿತು. ನವೆಂಬರ್ 26ರಂದು ಕ್ಲಾರ್ಕ್ ಹಸ್ತಾಂತರವಾಯಿತು. ಜ್ವಾಲಾಮುಖಿ ಓಡಿಸಿತೋ ಸೆನೆಟ್ ಓಡಿಸಿತೋ ಎಂಬ ವಾದ ಇಂದಿಗೂ ನಡೆಯುತ್ತದೆ. ಬೇಲಿಯ ಹೊರಗಿನವರ ಪಾಲಿಗೆ ಆ ಚರ್ಚೆಯ ಬೆಲೆ ಅಷ್ಟಕ್ಕಷ್ಟೆ. ಒಂದೇ ವರ್ಷದಲ್ಲಿ ಅವರ ಹೊಲ ಬೂದಿಯಡಿ ಹೋಯಿತು, ಕೆಲಸವೂ ಹೋಯಿತು. ಕಾವಲಿಲ್ಲದ ನೆಲೆಯ ಕಟ್ಟಡಗಳಿಂದ ಬಾಗಿಲು, ತಂತಿ, ಕೊಳಾಯಿ, ಶೌಚದ ಕಮೋಡುಗಳವರೆಗೆ ಲೂಟಿಯಾದವು.

ಈಗ ಈ ಕಥೆಯ ಅತ್ಯಂತ ಕಹಿ ಅಧ್ಯಾಯಕ್ಕೆ ಬರುತ್ತೇನೆ. ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳನ್ನು ಸರಕಾರ ಖಾಲಿಯಾದ ನೆಲೆಯೊಳಗೇ ತಂದಿಟ್ಟಿತು. ಆ ಜಾಗವನ್ನು ಕ್ಯಾಬ್‌ಕಾಮ್ ಎನ್ನುತ್ತಾರೆ. ಅದು ಹಿಂದೆ ವಾಹನಗಳ ದುರಸ್ತಿ, ಇಂಧನ, ಎಣ್ಣೆಗಳ ಅಂಗಳವಾಗಿತ್ತು. ಜನ ಅಲ್ಲೇ ಬಾವಿ ತೋಡಿ ಕೈಪಂಪು ಹಾಕಿಕೊಂಡರು. ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿತ್ತು, ವಾಸನೆ ಬರುತ್ತಿತ್ತು. ಬೇರೆ ನೀರಿಲ್ಲದ್ದರಿಂದ ಅದನ್ನೇ ಸೋಸಿ ಕುಡಿದರು, ಅಡುಗೆ ಮಾಡಿದರು. ಚರ್ಮದ ಹುಣ್ಣು, ಗರ್ಭಪಾತ, ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು, ರಕ್ತದ ಕ್ಯಾನ್ಸರ್ ಎಂದು ತಾಯಂದಿರು ಹೇಳತೊಡಗಿದರು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ನೆಲೆಗಳ ಮಾಲಿನ್ಯವನ್ನು ಎತ್ತಿ ತೋರಿಸಿತು. 1990ರ ದಶಕದ ನಡುವಿನಲ್ಲಿ ನೆಲೆಯ ಜಾಗವನ್ನು ಆಗ ನೋಡಿಕೊಳ್ಳುತ್ತಿದ್ದ ಕ್ಲಾರ್ಕ್ ಅಭಿವೃದ್ಧಿ ನಿಗಮವೇ ಮಾಡಿಸಿದ ತನಿಖೆಯಲ್ಲಿ ಮಣ್ಣು ಮತ್ತು ಅಂತರ್ಜಲದಲ್ಲಿ ಇಂಧನದ ಅಂಶ, ಕೀಟನಾಶಕ, ಪಾದರಸ ಸಿಕ್ಕವು. ಯಾವ ಮಗುವಿನ ಯಾವ ರೋಗಕ್ಕೆ ಯಾವ ಬಾವಿ ಕಾರಣ ಎಂದು ನ್ಯಾಯಾಲಯ ಒಪ್ಪುವಂತೆ ಸಾಬೀತು ಮಾಡುವುದು ಬಹಳ ಕಷ್ಟ. ವಿಷ ಕುಡಿದವರ ತಲೆಯ ಮೇಲೆಯೇ ಆ ಸಾಕ್ಷ್ಯದ ಹೊರೆ ಹೊರಿಸಿದ್ದು ಅನ್ಯಾಯ.

ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕ ಸಂಸ್ಥೆ 1992ರಲ್ಲೇ ಈ ವಿಷಯ ನೋಡಿತ್ತು. ಕ್ಲಾರ್ಕ್, ಸುಬಿಕ್ ಎರಡೂ ನೆಲೆಗಳಲ್ಲಿ ಗಂಭೀರ ಮಾಲಿನ್ಯವಿದೆ, ಅಮೆರಿಕದ ನೆಲದ ಮಾನದಂಡಕ್ಕೆ ತಕ್ಕಂತೆ ಶುಚಿ ಮಾಡಲು ಹೊರಟರೆ ಖರ್ಚು ಅಪಾರ, ಆದರೆ ನೆಲೆ ಒಪ್ಪಂದದಲ್ಲಿ ಅಂಥ ಹೊಣೆ ಬರೆದಿಲ್ಲ ಎಂಬುದು ಅದರ ಸಾರ. 1947ರಲ್ಲಿ ಪರಿಸರದ ಕಲಂ ಬರೆಯಬೇಕೆಂದು ಎರಡೂ ಕಡೆಯವರಿಗೆ ತೋಚಿರಲಿಲ್ಲ. 1966ರಲ್ಲಿ, 1979ರಲ್ಲಿ ತಿದ್ದುವಾಗಲೂ ಅದು ಬರಲಿಲ್ಲ. ಮನಿಲಾ ಸರಕಾರಗಳೂ ಈ ವಿಷಯದಲ್ಲಿ ದನಿ ಎತ್ತಿದ್ದು ಕಡಿಮೆ. ಹೊಸದಾಗಿ ಬಂಡವಾಳ ಕರೆಯುತ್ತಿದ್ದ ಜಾಗಕ್ಕೆ ವಿಷದ ಹೆಸರು ಅಂಟುವುದು ಅವರಿಗೂ ಬೇಕಿರಲಿಲ್ಲ.

ಬಂಡವಾಳ ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. 1992ರ ಕಾನೂನು ನೆಲೆಗಳ ಭೂಮಿಯನ್ನು ಹೊಸ ಪ್ರಾಧಿಕಾರಕ್ಕೆ ಒಪ್ಪಿಸಿತು. 1993ರಲ್ಲಿ ಕ್ಲಾರ್ಕ್ ವಿಶೇಷ ಆರ್ಥಿಕ ವಲಯವಾಯಿತು. ಜನರಿಗೆ ಮತ್ತೆ ಈ ಕಡೆ ಮುಖ ಮಾಡುವ ಧೈರ್ಯ ಬರಲೆಂದು 1994ರಲ್ಲಿ ಬಿಸಿಗಾಳಿ ಬಲೂನುಗಳ ಉತ್ಸವ ಶುರುಮಾಡಿದರು. ಯೊಕೊಹಾಮಾ ಟೈರು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್, ಕಾಲ್ ಸೆಂಟರುಗಳು ಬಂದವು. 2008ರಲ್ಲಿ ಸುಬಿಕ್, ಕ್ಲಾರ್ಕ್, ತಾರ್ಲಾಕ್ ಬೆಸೆಯುವ ಹೆದ್ದಾರಿ ಬಂತು. ಯುದ್ಧವಿಮಾನ ಇಳಿಯುತ್ತಿದ್ದ ಉದ್ದನೆಯ ರನ್‌ವೇಯಲ್ಲಿ ಈಗ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ, 2022ರಲ್ಲಿ ಅದರ ಹೊಸ ಟರ್ಮಿನಲ್ ತೆರೆಯಿತು. ನೆಲೆಯ ಕಾಲಕ್ಕಿಂತ ಹಲವು ಪಟ್ಟು, ಲಕ್ಷಕ್ಕೂ ಮೀರಿದ ಜನ ವಲಯದೊಳಗೆ ದುಡಿಯುತ್ತಾರೆ. ಆಂಹೆಲೆಸ್‌ನ ಜನಸಂಖ್ಯೆ 1990ರಲ್ಲಿ ಸುಮಾರು 2.36 ಲಕ್ಷವಿದ್ದದ್ದು 2020ಕ್ಕೆ 4.6 ಲಕ್ಷ ದಾಟಿತು. ಮಬಲಕಾಟ್ 2012ರಲ್ಲಿ ನಗರವಾಯಿತು. ಅಮೆರಿಕನ್ನರು ಹೋದರೆ ಊರು ಉಪವಾಸ ಬೀಳುತ್ತದೆ ಎಂದು 1991ರಲ್ಲಿ ಹೆದರಿಸಿದವರ ಭವಿಷ್ಯವಾಣಿ ಸುಳ್ಳಾಯಿತು. ಫೀಲ್ಡ್ಸ್ ಅವೆನ್ಯೂ ಮಾತ್ರ ಬದಲಾದದ್ದು ಕಡಿಮೆ. ಸೈನಿಕರ ಜಾಗಕ್ಕೆ ಪ್ರವಾಸಿಗರು, ಅಲ್ಲೇ ನೆಲೆಸಿದ ನಿವೃತ್ತ ಸೈನಿಕರು ಬಂದರು. ಫ್ರೆಂಡ್‌ಶಿಪ್ ಹೆದ್ದಾರಿಯ ಒಂದು ಉದ್ದನೆಯ ಭಾಗ ಕೊರಿಯನ್ನರ ಬಡಾವಣೆಯಾಗಿದೆ.

ಇಷ್ಟಾದರೂ ನೆಲದ ಪ್ರಶ್ನೆ ಅಲ್ಲೇ ಉಳಿದಿದೆ. ನೆಲೆಯ ಭೂಮಿ ಸೇನೆಯಿಂದ ಪ್ರಾಧಿಕಾರಕ್ಕೆ ಹೋಯಿತು, ಪ್ರಾಧಿಕಾರದಿಂದ ಕಂಪನಿಗಳ ಗುತ್ತಿಗೆಗೆ. 1908ರಲ್ಲಿ ಅದು ಯಾರ ಕಾಡಾಗಿತ್ತು ಎಂದು ಕೇಳಲು 1997ರಲ್ಲಿ ಮೂಲನಿವಾಸಿಗಳ ಹಕ್ಕಿನ ಕಾನೂನು ಬರಬೇಕಾಯಿತು. ಮಬಲಕಾಟ್ ಮತ್ತು ಬಂಬಾನ್ ಕಡೆಯ ಐತಾ ಸಮುದಾಯಕ್ಕೆ ಪೂರ್ವಜರ ಭೂಮಿಯ ಹಕ್ಕುಪತ್ರ ಸಿಕ್ಕಿತು, ಆದರೆ ಕಪಾಸ್‌ನಲ್ಲಿ ಕಥೆ ಬೇರೆ. ಅಲ್ಲಿ ನ್ಯೂ ಕ್ಲಾರ್ಕ್ ಸಿಟಿ ಎಂಬ ಹೊಸ ನಗರ ಏಳುತ್ತಿದೆ. 2019ರ ನವೆಂಬರ್ 30ರಂದು ಶುರುವಾದ ಆಗ್ನೇಯ ಏಷ್ಯಾ ಕ್ರೀಡೆಗಳ ಅಥ್ಲೆಟಿಕ್ಸ್ ಕ್ರೀಡಾಂಗಣ ಅಲ್ಲಿಯದೇ. ಅದೇ ದಿನಗಳಲ್ಲಿ ಹತ್ತಿರದ ಐತಾ ಕುಟುಂಬಗಳಿಗೆ ಜಾಗ ಬಿಡುವಂತೆ ನೋಟಿಸು ಹೋಯಿತು. ಅದು ಪೂರ್ವಜರ ಭೂಮಿಯೆಂದು ಸಾಬೀತಾಗಿಲ್ಲ, ಸರಕಾರದ ಮೀಸಲು ಭೂಮಿ ಎಂಬುದು ಪ್ರಾಧಿಕಾರದ ವಾದ. 1903ರ ಆದೇಶದ ತರ್ಕವೂ ಇದೇ.

ಇದು ಹೀಗೆಯೇ ಆಗಬೇಕಿತ್ತೇ? ಇಂಗ್ಲೆಂಡಿನ ನ್ಯೂಬರಿ ಪಟ್ಟಣದ ಬಳಿಯ ಗ್ರೀನಮ್ ಕಾಮನ್ ನೋಡಿ. ಅದು ನಮ್ಮ ಗೋಮಾಳದಂಥ ಸಾರ್ವಜನಿಕ ಹುಲ್ಲುಗಾವಲು, ಯುದ್ಧಕಾಲದಲ್ಲಿ ವಾಯುನೆಲೆಯಾಯಿತು. 1983ರಿಂದ 1991ರವರೆಗೆ ಅಲ್ಲಿ ಅಮೆರಿಕದ ಕ್ರೂಸ್ ಕ್ಷಿಪಣಿಗಳಿದ್ದವು, ಅದರ ವಿರುದ್ಧ ಹೆಂಗಸರು ವರ್ಷಗಟ್ಟಲೆ ಬೇಲಿಯ ಪಕ್ಕದಲ್ಲೇ ಬೀಡುಬಿಟ್ಟಿದ್ದರು. ನೆಲೆ ಮುಚ್ಚಿದ ಮೇಲೆ ರನ್‌ವೇ ಒಡೆದು ಅದರ ಕಾಂಕ್ರೀಟನ್ನು ರಸ್ತೆಗೆ ಬಳಸಿದರು. 2000ದಲ್ಲಿ ಬೇಲಿ ಕಿತ್ತರು. 2002ರ ಕಾನೂನು ಸುತ್ತಲಿನವರ ದನ ಮೇಯಿಸುವ ಹಕ್ಕನ್ನು ಮರಳಿಸಿತು. ಜರ್ಮನಿಯ ಹುನ್ಸ್‌ರ್ಯೂಕ್ ಬೆಟ್ಟನಾಡಿನ ಹಾನ್ ವಾಯುನೆಲೆಯ ಸುತ್ತಲ ಜೋರೆನ್, ಬ್ಯೂಷೆನ್‌ಬಾಯ್ರೆನ್ ಹಳ್ಳಿಗಳದ್ದು ಇನ್ನೊಂದು ದಾರಿ. 1993ರಲ್ಲಿ ನೆಲೆ ಹೋದಾಗ ಖಾಲಿ ಬಿದ್ದ ಸೈನಿಕರ ಮನೆಗಳಿಗೆ ಹಿಂದಿನ ಸೋವಿಯತ್ ನಾಡಿನಿಂದ ಬಂದ ಜರ್ಮನ್ ಮೂಲದವರು ಸೇರಿಕೊಂಡರು. ರನ್‌ವೇ ಅಗ್ಗದ ವಿಮಾನಗಳ ನಿಲ್ದಾಣವಾಗಿ ವರ್ಷಕ್ಕೆ 40 ಲಕ್ಷ ಪ್ರಯಾಣಿಕರವರೆಗೆ ಏರಿತು, 2021ರಲ್ಲಿ ದಿವಾಳಿ ಎದ್ದಿತು. ಒಂದೇ ಕಂಪನಿಯ ವಿಮಾನಗಳನ್ನು ನೆಚ್ಚುವುದು ಒಂದೇ ಸೇನೆಯ ಸಂಬಳವನ್ನು ನೆಚ್ಚಿದಷ್ಟೇ ಅಪಾಯ ಎಂಬುದು ಆ ಊರಿನವರಿಗೆ ಎರಡನೇ ಸಲ ಗೊತ್ತಾಯಿತು. ಆದಾಯದ ದೃಷ್ಟಿಯಿಂದ ಕ್ಲಾರ್ಕ್ ಹಾನ್‌ಗಿಂತ ಗೆದ್ದಿದೆ, ನ್ಯಾಯದ ದೃಷ್ಟಿಯಿಂದ ಗ್ರೀನಮ್‌ನ ಹತ್ತಿರಕ್ಕೂ ಬಂದಿಲ್ಲ.

ಕ್ಲಾರ್ಕ್‌ನ ಮುಖ್ಯದ್ವಾರದ ಹತ್ತಿರ ಒಂದು ಸೈನಿಕ ಸ್ಮಶಾನವಿದೆ. ಸುಮಾರು 8,600 ಸಮಾಧಿ. 1991ರಲ್ಲಿ ಬೂದಿ ಬಿದ್ದು ಸಮಾಧಿಕಲ್ಲುಗಳು ಅರ್ಧ ಹೂತುಹೋದವು. ಅಮೆರಿಕ ಸರಕಾರ ಅದನ್ನೂ ಬಿಟ್ಟುಹೋಗಿತ್ತು. ಆಂಹೆಲೆಸ್‌ನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕರು ತಾವೇ ಹಣ ಕೂಡಿಸಿ, ಹುಲ್ಲು ಕೊಯ್ದು, ಬಣ್ಣ ಬಳಿದು ವರ್ಷಗಟ್ಟಲೆ ಕಾಪಾಡಿದರು, ವಾಷಿಂಗ್ಟನ್‌ಗೆ ಮೊರೆಯಿಟ್ಟರು. ಕೊನೆಗೆ ಸಂಸತ್ತು ಕಾನೂನು ಮಾಡಿತು, 2013ರ ಡಿಸೆಂಬರ್‌ನಲ್ಲಿ ಸ್ಮಶಾನ ಅಮೆರಿಕದ ಸ್ಮಾರಕ ಆಯೋಗದ ಸುಪರ್ದಿಗೆ ಬಂತು. ಅಮೆರಿಕ ಹಾಗೆ ಮಾಡಿದ್ದು ಸರಿಯೇ, ಸತ್ತವರಿಗೆ ಸಲ್ಲಬೇಕಾದ ಗೌರವ ಅದು. ಒಪ್ಪಂದದಲ್ಲಿ ಇಲ್ಲದ ಹೊಣೆಯನ್ನೂ ಮನಸ್ಸಿದ್ದರೆ ಹೊರಬಹುದು ಎಂಬುದಕ್ಕೆ ಇದೇ ಸಾಕ್ಷಿ. ಕ್ಯಾಬ್‌ಕಾಮ್‌ನ ಬಾವಿಗಳಿಗೂ ಅದೇ ಮನಸ್ಸು ಬರಬೇಕಿತ್ತು, ಈಗಲೂ ಬರಬೇಕು.

2014ರಲ್ಲಿ ಎರಡು ದೇಶಗಳು ಹೊಸ ರಕ್ಷಣಾ ಒಪ್ಪಂದ ಮಾಡಿಕೊಂಡಿವೆ. ಅದರಂತೆ ಅಮೆರಿಕದ ಪಡೆಗಳಿಗೆ ತೆರೆದ ಫಿಲಿಪ್ಪೀನ್ಸಿನ ನೆಲೆಗಳಲ್ಲಿ ಒಂದು ಇದೇ ಪಂಪಾಂಗಾದ ಫ್ಲೋರಿಡಾಬ್ಲಾಂಕಾದಲ್ಲಿರುವ ಬಾಸಾ ವಾಯುನೆಲೆ. ಈ ಒಪ್ಪಂದದಲ್ಲಿ ಪರಿಸರದ ಕಲಂ ಇದೆ. ಅಮೆರಿಕದ ಪಡೆಗಳು ಅಪಾಯಕಾರಿ ವಸ್ತುಗಳನ್ನು ಬೇಕೆಂದು ಹೊರಬಿಡಬಾರದು, ಸೋರಿದರೆ ಕೂಡಲೇ ತಡೆದು ಕ್ರಮ ಕೈಗೊಳ್ಳಬೇಕು ಎಂದು ಅದರಲ್ಲಿ ಬರೆದಿದೆ. 1991ಕ್ಕೆ ಮೊದಲು ಸೋರಿದ್ದರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.